ನೊಣದ ರೆಕ್ಕೆಯಲ್ಲಿ ನಾಲಗೆ

ಸಿಹಿ ಯಾವುದು, ಕಹಿ ಯಾವುದು ಎಂದು ಹೇಳುವುದು ನಾಲಗೆಯ ಕೆಲಸ. ಒರಟೋ ನುಣುಪೋ ಎಂದು ತಿಳಿಸುವುದು ಚರ್ಮದ ಕೆಲಸ. ಒಂದೊಂದು ಇಂದ್ರಿಯಕ್ಕೂ ದೇಹದಲ್ಲಿ ಒಂದೊಂದು ನೆಲೆಯುಂಟು ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಮನುಷ್ಯನ ಮಟ್ಟಿಗೆ ಇದು ಸರಿ. ಆದರೆ ಜೀವಲೋಕದಲ್ಲೆಲ್ಲ ಇದೇ ಏರ್ಪಾಡು ಇರಬೇಕೆಂದು ಭಾವಿಸಿದರೆ ನಾವು ಮೋಸಹೋದಂತೆಯೇ ಸರಿ. ಕಾಲಿನಿಂದ ರುಚಿ ನೋಡುವ, ರೆಕ್ಕೆಯ ಅಂಚಿನಿಂದ ಸಿಹಿಕಹಿಗಳನ್ನು ಗುರುತಿಸುವ, ಅದೇ ರೆಕ್ಕೆಯಿಂದ ಧೂಳಿನ ಕಣದ ಸ್ಪರ್ಶವನ್ನೂ ಗಾಳಿಯ ಒತ್ತಡವನ್ನೂ ಅರಿಯುವ ಪ್ರಾಣಿಯೊಂದು ದಿನವೂ ನಮ್ಮ ಊಟದ ತಟ್ಟೆಯ ಸುತ್ತ ಹಾರಾಡುತ್ತಿರುತ್ತದೆ. ಅದೇ ನೊಣ.

ಭೌತವಿಜ್ಞಾನವನ್ನು ಕಲಿಸುವ ನನಗೆ ನೊಣದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ ನನ್ನ ವಿದ್ಯಾರ್ಥಿಯೊಬ್ಬ. ವಿಜಯಪುರದ ಪಶ್ಚಿಮಕ್ಕಿರುವ ತಿಕೋಟಾದ ಬಳಿ ಅವರ ಮನೆಯವರದು ದ್ರಾಕ್ಷಿಯ ತೋಟ. ತಿಕೋಟಾ, ಬಬಲೇಶ್ವರಗಳ ಕಡೆ ಹೋದವರು ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಪಡಗಳನ್ನೂ, ಅವುಗಳ ಮಗ್ಗುಲಲ್ಲಿ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡುಗಳನ್ನೂ ನೋಡಿಯೇ ಇರುತ್ತಾರೆ. ಬಲಿತ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಕೂಡಿದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಆ ದ್ರಾವಣವು ಹಣ್ಣಿನ ಮೇಲಿನ ಮೇಣದ ಪೊರೆಯನ್ನು ಸಡಿಲಿಸುತ್ತದೆ. ನಮ್ಮ ಸೀಮೆಯ ಒಣಗಾಳಿ ಉಳಿದ ಕೆಲಸವನ್ನು ಸುಮಾರು ಎರಡು ವಾರಗಳಲ್ಲಿ ಮುಗಿಸುತ್ತದೆ.

ನಾನು ಅಲ್ಲಿಗೆ ಹೋದದ್ದು ಮಾರ್ಚಿ ತಿಂಗಳಲ್ಲಿ. ಅದಕ್ಕೆ ಕೆಲವು ದಿನ ಮೊದಲು ಅಕಾಲದ ಮಳೆ ಬಿದ್ದು ಕಾಯಿಗಳು ಬಿರಿದಿದ್ದವು. ಬಿರಿದ ಹಣ್ಣು ಹುಳಿಯತೊಡಗಿತ್ತು. ಶೆಡ್ಡಿನ ಒಂದು ಮೂಲೆಯಲ್ಲಿ ಎಳ್ಳು ಚೆಲ್ಲಿದಂತೆ ಸಣ್ಣ ನೊಣಗಳು ಮುತ್ತಿದ್ದವು. “ಸರ, ಒಳ್ಳೆ ಮಾಲು ಬಿಟ್ಟು ಬರೋಬ್ಬರಿ ಒಡದ ಹಣ್ಣಿಗೇ ಹೋಗಿ ಕೂಡ್ತಾವು ನೋಡ್ರಿ. ಇವಕ್ಕ ಹ್ಯಾಂಗ ಗೊತ್ತಾಕ್ಕೈತಿ?” ಎಂದು ಹುಡುಗನ ತಂದೆಯವರು ಕೇಳಿದರು. ಅವರ ಪಾಲಿಗೆ ಅದು ಕುತೂಹಲದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಒಂದು ವರ್ಷದ ದುಡಿಮೆಯ ಪ್ರಶ್ನೆಯಾಗಿತ್ತು. “ವಾಸನೆಯಿಂದ” ಎಂದೆ. ಆ ಉತ್ತರ ಅರ್ಧ ಮಾತ್ರ ನಿಜವೆಂದು ತಿಳಿದದ್ದು ಊರಿಗೆ ಮರಳಿ ಪುಸ್ತಕಗಳನ್ನು ತಿರುವಿದ ಮೇಲೆ. ದೂರದಿಂದ ಕರೆತರುವುದು ವಾಸನೆ. ಬಂದು ಕುಳಿತ ಮೇಲೆ ಇಲ್ಲಿ ತಿನ್ನಬಹುದೇ, ಮೊಟ್ಟೆಯಿಡಬಹುದೇ ಎಂದು ತೀರ್ಮಾನಿಸಲು ನೆರವಾಗುವವು ರುಚಿ ಮತ್ತು ಸ್ಪರ್ಶ.

ರೆಕ್ಕೆಯ ಅಂಚಿನ ಕೂದಲುಗಳು

ಹುಳಿತ ಹಣ್ಣಿಗೆ ಮುತ್ತುವ ಈ ಸಣ್ಣ ನೊಣಕ್ಕೆ ಡ್ರಾಸೊಫಿಲ ಎಂದು ಹೆಸರು. ಉದ್ದ ಎರಡೂವರೆ ಮೂರು ಮಿಲಿಮೀಟರು. ಅನುವಂಶಿಕ ವಿಜ್ಞಾನಿಗಳು ನೂರಕ್ಕೂ ಮಿಕ್ಕಿದ ವರ್ಷಗಳಿಂದ ಇದನ್ನು ಸಾಕುತ್ತ ಬಂದಿದ್ದಾರೆ. ನಮ್ಮ ನಾಡಿನ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿಯೂ ಇದರ ಬಗೆಬಗೆಯ ತಳಿಗಳನ್ನು ಸೀಸೆಗಳಲ್ಲಿ ಕಾಪಾಡುವ ಕೇಂದ್ರವೊಂದುಂಟು.

ಡ್ರಾಸೊಫಿಲದ ರೆಕ್ಕೆಯನ್ನು ಬರಿಗಣ್ಣಿನಿಂದ ನೋಡಿದರೆ ತೆಳುವಾದ ಪಾರದರ್ಶಕ ಹಾಳೆಯಂತೆ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೋಟವೇ ಬೇರೆ. ರೆಕ್ಕೆಯ ಮುಂದಂಚಿನುದ್ದಕ್ಕೂ ಗರಗಸದ ಹಲ್ಲುಗಳಂತೆ ಸಾಲುಗಟ್ಟಿದ ಬಿರುಗೂದಲುಗಳು ತೋರುತ್ತವೆ. ಸಾಲು ಒಂದಲ್ಲ, ಮೂರು. ನಡುವಿನ ಸಾಲಿನವು ದಪ್ಪ ಮತ್ತು ಮೊಂಡು. ಕೆಳಸಾಲಿನಲ್ಲಿ ಸಪುರವಾದವು ಹೆಚ್ಚು. ಇವೆರಡೂ ಸ್ಪರ್ಶದ ಕೂದಲುಗಳು. ಮೇಲಿನ ಸಾಲಿನಲ್ಲಿಯೂ ಕೆಳಗಿನ ಸಾಲಿನಲ್ಲಿಯೂ ಅಷ್ಟಷ್ಟು ಅಂತರ ಬಿಟ್ಟು ತುದಿ ಬಾಗಿದ ಬೇರೊಂದು ಜಾತಿಯ ಕೂದಲುಗಳಿವೆ. ರುಚಿ ನೋಡುವವು ಇವೇ. ಒಂದೊಂದು ರೆಕ್ಕೆಯಲ್ಲಿ ಇಂಥವು ಸುಮಾರು ೪೦. ರೆಕ್ಕೆಯ ಹಿಂದಂಚಿನಲ್ಲಿಯೂ ಕೂದಲುಗಳ ಸಾಲೊಂದಿದೆ. ಆದರೆ ಅವಕ್ಕೆ ನರದ ಸಂಬಂಧವಿಲ್ಲ. ಹಾರುವಾಗ ಗಾಳಿಯನ್ನು ಮೊದಲು ಸೀಳುವುದೂ, ನಡೆಯುವಾಗ ವಸ್ತುಗಳಿಗೆ ಮೊದಲು ತಗಲುವುದೂ ಮುಂದಂಚು. ಇಂದ್ರಿಯಗಳು ಅಲ್ಲಿಯೇ ನೆರೆದಿರುವುದು ಔಚಿತ್ಯಪೂರ್ಣವಾಗಿಯೇ ಇದೆ.

ರುಚಿಯ ಕೂದಲಿನ ಒಳರಚನೆ

ರುಚಿಯ ಕೂದಲನ್ನು ಒಂದು ಟೊಳ್ಳು ನಳಿಗೆಗೆ ಹೋಲಿಸಬಹುದು. ಗೋಡೆ ಗಟ್ಟಿಯಾದ ಕೈಟಿನ್ ವಸ್ತುವಿನದು. ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರವೊಂದಿದೆ. ಬುಡದಲ್ಲಿ, ಚರ್ಮದ ಕೆಳಗೆ, ಐದು ನರಕೋಶಗಳು ಗುಂಪಾಗಿ ಕುಳಿತಿವೆ. ಅವುಗಳಲ್ಲಿ ನಾಲ್ಕು ತಮ್ಮ ಎಳೆಗಳನ್ನು ನಳಿಗೆಯೊಳಗೆ ತುದಿಯ ರಂಧ್ರದವರೆಗೂ ಚಾಚಿರುತ್ತವೆ. ಐದನೆಯದು ಮಾತ್ರ ಬುಡದಲ್ಲಿಯೇ ನಿಲ್ಲುತ್ತದೆ. ನಾಲ್ಕರ ಕೆಲಸ ರುಚಿ, ಐದನೆಯದರ ಕೆಲಸ ಸ್ಪರ್ಶ. ಹೀಗೆ ಒಂದೇ ಕೂದಲು “ಇಲ್ಲಿ ಏನೋ ತಗಲಿತು” ಎಂಬುದನ್ನೂ “ತಗಲಿದ್ದು ಇಂಥದು” ಎಂಬುದನ್ನೂ ಒಟ್ಟಿಗೆ ತಿಳಿಸಬಲ್ಲುದು. ಕತ್ತಲೆಯಲ್ಲಿ ಡಬ್ಬಿಗೆ ಕೈಹಾಕಿದವನಿಗೆ ಬೆರಳ ತುದಿಯಲ್ಲಿಯೇ ಬೆಲ್ಲದ ಸಿಹಿಯೂ ಗೊತ್ತಾಗುವಂತಿದ್ದರೆ ಹೇಗಿರುತ್ತಿತ್ತೋ ಊಹಿಸಿಕೊಳ್ಳಿ.

ಹಣ್ಣಿನ ರಸ ಕೂದಲಿನ ತುದಿಗೆ ಸೋಕಿದೊಡನೆ ಸಕ್ಕರೆಯ ಅಣುಗಳು ರಂಧ್ರದ ಮೂಲಕ ಒಳಸೇರಿ ನರದೆಳೆಯ ಪೊರೆಯನ್ನು ಮುಟ್ಟುತ್ತವೆ. ಪೊರೆಯಲ್ಲಿ ರುಚಿಗ್ರಾಹಕ ಪ್ರೋಟೀನುಗಳಿವೆ. ಬೀಗಕ್ಕೆ ತಕ್ಕ ಬೀಗದ ಕೈಯಂತೆ, ಇಂಥ ಅಣುವಿಗೆ ಇಂಥ ಗ್ರಾಹಕವೆಂದು ಗೊತ್ತಾಗಿದೆ. ಹೊಂದುವ ಅಣು ಬಂದಾಗ ಪೊರೆಯಲ್ಲಿನ ಸೂಕ್ಷ್ಮ ದ್ವಾರಗಳು ತೆರೆದು ವಿದ್ಯುದಂಶವುಳ್ಳ ಅಯಾನುಗಳು ಒಳನುಗ್ಗುತ್ತವೆ, ವಿದ್ಯುದ್ವಿಭವ ಬದಲಾಗುತ್ತದೆ, ನರತಂತುವಿನ ಉದ್ದಕ್ಕೂ ಮಿಡಿತಗಳು ಓಡುತ್ತವೆ. ದ್ರಾವಣ ಗಾಢವಾದಷ್ಟೂ ಸೆಕೆಂಡಿಗೆ ಮಿಡಿತಗಳ ಸಂಖ್ಯೆ ಹೆಚ್ಚು. ಮಿಡಿತದ ಎತ್ತರ ಬದಲಾಗುವುದಿಲ್ಲ, ಎಣಿಕೆ ಮಾತ್ರ ಬದಲಾಗುತ್ತದೆ. ಹಳೆಯ ತಂತಿ ಕಚೇರಿಯ ಕಟ್ಟುಕಡ ಸದ್ದಿನಂತೆ, ಸುದ್ದಿಯೆಲ್ಲ ಮಿಡಿತಗಳ ಜೋಡಣೆಯಲ್ಲಿದೆ.

ಒಂದು ಕೂದಲಿನ ಮಾತನ್ನು ಆಲಿಸುವುದು

ಇದನ್ನೆಲ್ಲ ಕಂಡುಹಿಡಿದ ಬಗೆ ಹೇಗೆ? ಕೀಟಗಳು ಕಾಲಿನಿಂದ ರುಚಿ ನೋಡುತ್ತವೆಂಬುದನ್ನು ಅಮೆರಿಕದ ಮಿನಿಚ್ ಎಂಬ ವಿಜ್ಞಾನಿ ೧೯೨೦ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದನು. ಹಸಿದ ನೊಣದ ಪಾದಕ್ಕೆ ಸಕ್ಕರೆ ನೀರು ಸೋಕಿದರೆ ಅದು ಕೂಡಲೇ ಮಡಿಸಿದ ಸೊಂಡಿಲನ್ನು ಕೆಳಗೆ ಚಾಚುತ್ತದೆ. ಬರಿಯ ನೀರಿಗೆ, ನೀರಡಿಕೆಯಿಲ್ಲದಿದ್ದರೆ, ಚಾಚುವುದಿಲ್ಲ. ಸಣ್ಣ ಕಡ್ಡಿಯ ತುದಿಗೆ ನೊಣದ ಬೆನ್ನನ್ನು ಮೇಣದಿಂದ ಅಂಟಿಸಿ ಈ ಪ್ರಯೋಗವನ್ನು ಯಾವ ಕಾಲೇಜಿನಲ್ಲಿಯಾದರೂ ಮಾಡಿ ನೋಡಬಹುದು.

ಆದರೆ ಒಂದು ಕೂದಲಿನ ಒಂದು ನರಕೋಶ ಏನು ಹೇಳುತ್ತದೆಂದು ಕೇಳುವುದು ಅಷ್ಟು ಸುಲಭವಲ್ಲ. ೧೯೫೫ರಲ್ಲಿ ಹಾಜ್ಸನ್, ಲೆಟ್ವಿನ್ ಮತ್ತು ರೋಡರ್ ಎಂಬುವರು ಇದಕ್ಕೆ ಸೊಗಸಾದ ಉಪಾಯವೊಂದನ್ನು ಪ್ರಕಟಿಸಿದರು. ಸಕ್ಕರೆಯ ದ್ರಾವಣಕ್ಕೆ ವಿದ್ಯುತ್ತು ಹರಿಯುವಂತೆ ತುಸು ಉಪ್ಪನ್ನು ಬೆರೆಸಿ, ಬಹು ಸೂಕ್ಷ್ಮವಾದ ಗಾಜಿನ ನಳಿಗೆಯಲ್ಲಿ ತುಂಬಿ, ಅದರ ಬಾಯನ್ನು ಕೂದಲಿನ ತುದಿಗೆ ಟೊಪ್ಪಿಗೆಯಂತೆ ತೊಡಿಸುವುದು. ಆ ದ್ರಾವಣವೇ ರುಚಿ; ಆ ದ್ರಾವಣವೇ ವಿದ್ಯುದ್ವಾಹಕ. ನಳಿಗೆಯೊಳಗಿನ ತಂತಿಯನ್ನು ವರ್ಧಕಕ್ಕೆ ಸೇರಿಸಿದರೆ ನರದ ಮಿಡಿತಗಳು ಆಸಿಲೋಸ್ಕೋಪಿನ ಪರದೆಯ ಮೇಲೆ ಮೂಡುತ್ತವೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಮೆಚ್ಚಬೇಕಾದ ಯುಕ್ತಿ ಇದು.

ಈ ದಾರಿಯಲ್ಲಿ ನಮ್ಮ ದೇಶದವರೂ ದೂರ ನಡೆದಿದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿಯವರೂ ಅವರ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಅವರೂ ರುಚಿ ಮತ್ತು ವಾಸನೆಗಳಲ್ಲಿ ದೋಷವುಳ್ಳ ಡ್ರಾಸೊಫಿಲದ ತಳಿಗಳನ್ನು ಬೇರ್ಪಡಿಸಿ ೧೯೭೮ರಲ್ಲಿ ಪ್ರಕಟಿಸಿದರು. ೧೯೮೧ರಲ್ಲಿ ಅವರು ವರ್ಣಿಸಿದ ಒಂದು ತಳಿಯ ನೊಣಕ್ಕೆ ಗ್ಲೂಕೋಸಿನ ಸಿಹಿ ಮಂದವಾಗಿ ತೋರುತ್ತಿತ್ತು. ಫ್ರಕ್ಟೋಸಿನ ಸಿಹಿ ಮಾತ್ರ ಸಹಜವಾಗಿಯೇ ಇತ್ತು. ಮಾಗಿದ ದ್ರಾಕ್ಷಿಯಲ್ಲಿ ಈ ಎರಡು ಸಕ್ಕರೆಗಳೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ನಮಗೆ ಒಂದೇ ಎನ್ನಿಸುವ ಸಿಹಿ ನೊಣಕ್ಕೆ ಎರಡು ಬೇರೆ ಬೀಗಗಳನ್ನು ತೆರೆಯುವ ಎರಡು ಕೈಗಳು ಎಂಬುದು ಇದರಿಂದ ಸಿದ್ಧವಾಯಿತು. ಮುಂದೆ ಸಿದ್ದಿಕಿಯವರು ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. ನೊಣದ ಇಂದ್ರಿಯಗಳ ಅಧ್ಯಯನ ಹೀಗೆ ಕನ್ನಡ ನಾಡಿಗೂ ಬಂದು ನೆಲೆಸಿತು.

ಸ್ಪರ್ಶ: ಒಂದು ಸನ್ನೆಗೋಲಿನ ಕತೆ

ಈಗ ಸ್ಪರ್ಶದ ಕೂದಲಿಗೆ ಬರೋಣ. ಇದು ನಮ್ಮ ಪಠ್ಯಪುಸ್ತಕದ ಸನ್ನೆಗೋಲಲ್ಲದೆ ಬೇರೆಯಲ್ಲ. ಕೂದಲಿನ ಬುಡ ಒಂದು ಗುಳಿಯಲ್ಲಿ ಕೀಲಿನಂತೆ ಕುಳಿತಿದೆ. ಉದ್ದವಾದ ತೋಳು ಹೊರಗೆ, ಬಲು ಗಿಡ್ಡವಾದ ತೋಳು ಒಳಗೆ. ಒಳತೋಳಿಗೆ ನರದೆಳೆಯ ತುದಿ ಅಂಟಿಕೊಂಡಿದೆ. ಹೊರಗಿನ ತುದಿಗೆ ಧೂಳಿನ ಕಣವೊಂದು ತಾಗಿ ಅದು ಸರಿದರೆ, ಒಳತುದಿ ಅದಕ್ಕಿಂತ ಎಷ್ಟೋ ಕಡಿಮೆ ದೂರ ಸರಿಯುತ್ತದೆ. ಆದರೆ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆ ಬಲ ನರದ ಪೊರೆಯನ್ನು ಎಳೆದಾಗ ಅಲ್ಲಿನ ದ್ವಾರಗಳು ತೆರೆಯುತ್ತವೆ. ರುಚಿಯಲ್ಲಿ ರಾಸಾಯನಿಕ ಕೈಯಿಂದ ತೆರೆದ ಬಾಗಿಲು ಇಲ್ಲಿ ಕೇವಲ ಎಳೆತದಿಂದ ತೆರೆಯುತ್ತದೆ. ನಡುವೆ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲದ ಕಾರಣ ವೇಗ ಅದ್ಭುತವಾದುದು: ಕೂದಲು ಬಾಗಿದ ಮೇಲೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ವಿದ್ಯುತ್ತು ಹರಿಯತೊಡಗುತ್ತದೆ. ಈ ಬಾಗಿಲನ್ನು ರೂಪಿಸುವ ಜೀನುಗಳಲ್ಲಿ ಒಂದನ್ನು ೨೦೦೦ದಲ್ಲಿ ಡ್ರಾಸೊಫಿಲದ ಕೂದಲಿನಲ್ಲಿಯೇ ಗುರುತಿಸಲಾಯಿತು.

ಈ ಸ್ಪರ್ಶದಿಂದ ನೊಣಕ್ಕೇನು ಲಾಭ? ಕುಳಿತ ನೊಣದ ರೆಕ್ಕೆಯಂಚನ್ನು ನಾಜೂಕಾಗಿ ಒಂದು ಎಳೆಯಿಂದ ಮುಟ್ಟಿದರೆ ಅದು ಕಾಲಿನಿಂದ ಆ ಜಾಗವನ್ನು ಝಾಡಿಸುತ್ತದೆ. ನೊಣದ ಮೈಗೆ ಏರಿ ರಕ್ತರಸ ಹೀರುವ ಸೂಕ್ಷ್ಮ ನುಸಿಗಳುಂಟು. ರೆಕ್ಕೆಯಂಚಿನ ಕೂದಲು ಎಚ್ಚರಿಸದಿದ್ದರೆ ಆ ಶತ್ರು ಮೈಮೇಲೆ ಸಲೀಸಾಗಿ ನೆಲೆಯೂರೀತು.

ರೆಕ್ಕೆಯೊಳಗಿನ ಗುಮ್ಮಟಗಳು

ಹೊರಗಿನದನ್ನು ಮುಟ್ಟಿ ತಿಳಿಯುವುದಷ್ಟೇ ಸ್ಪರ್ಶವಲ್ಲ. ತನ್ನ ರೆಕ್ಕೆ ಎಷ್ಟು ಬಾಗಿತು, ಎಷ್ಟು ತಿರುಚಿತು ಎಂಬುದನ್ನೂ ನೊಣ ತಿಳಿಯಬೇಕು. ಒಂದು ಸಣ್ಣ ಲೆಕ್ಕ ಮಾಡೋಣ. ಡ್ರಾಸೊಫಿಲದ ರೆಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಉದ್ದ. ಸೆಕೆಂಡಿಗೆ ಸುಮಾರು ೨೦೦ ಸಲ ಬಡಿಯುತ್ತದೆ. ಒಂದೊಂದು ಬೀಸಿಗೂ ಸುಮಾರು ೧೫೦ ಅಂಶಗಳ ಕೋನ. ಹಾಗಾದರೆ ತುದಿ ಒಂದು ಬೀಸಿನಲ್ಲಿ ಆರೂವರೆ ಮಿಲಿಮೀಟರು, ಮುಂದಕ್ಕೂ ಹಿಂದಕ್ಕೂ ಸೇರಿ ಹದಿಮೂರು ಮಿಲಿಮೀಟರು ಸಾಗುತ್ತದೆ. ಅಂದರೆ ಸೆಕೆಂಡಿಗೆ ಎರಡೂವರೆ ಮೀಟರಿಗೂ ಹೆಚ್ಚು. ಅಷ್ಟು ತೆಳು ಹಾಳೆ ಈ ವೇಗದಲ್ಲಿ ನಾನೂರು ಸಲ ದಿಕ್ಕು ಬದಲಾಯಿಸಿದರೆ ಬಾಗದೆ ಇದ್ದೀತೆ?

ಈ ಬಾಗುವಿಕೆಯನ್ನು ಅಳೆಯುವ ಸಾಧನಗಳು ರೆಕ್ಕೆಯ ನಾಳಗಳ ಮೇಲಿವೆ. ಅವುಗಳ ಆಕಾರ ವಿಜಯಪುರದವರಿಗೆ ವಿವರಿಸಬೇಕಾಗಿಲ್ಲ, ಅವು ಗುಮ್ಮಟಗಳು. ಗೋಲಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರು. ಅದನ್ನು ಎಪ್ಪತ್ತು ಲಕ್ಷ ಪಟ್ಟಿನಷ್ಟು ಕುಗ್ಗಿಸಿ, ತುಸು ಅಂಡಾಕಾರಕ್ಕೆ ಒತ್ತಿ, ನೆತ್ತಿಯ ಒಳಬದಿಗೆ ಒಂದು ನರದೆಳೆಯನ್ನು ಕಟ್ಟಿ ಇಳಿಬಿಟ್ಟರೆ ನೊಣದ ರೆಕ್ಕೆಯ ಸಾಧನ ಸಿದ್ಧವಾಗುತ್ತದೆ. ರೆಕ್ಕೆ ಬಾಗಿದಾಗ ಗುಮ್ಮಟದ ತಳ ಒಂದು ದಿಕ್ಕಿನಲ್ಲಿ ಇಕ್ಕಟ್ಟಾಗುತ್ತದೆ. ನೆತ್ತಿ ಸ್ಥಾನ ಬದಲಿಸುತ್ತದೆ. ನರದ ತುದಿ ಅದುಮಿದಂತಾಗಿ ಮಿಡಿತ ಹೊರಡುತ್ತದೆ. ಅಂಡಾಕಾರವಾದ್ದರಿಂದ ಗುಮ್ಮಟ ಎಲ್ಲ ದಿಕ್ಕಿನ ಒತ್ತಡಕ್ಕೂ ಒಂದೇ ಬಗೆಯಾಗಿ ಓಗೊಡದು. ಅಡ್ಡಲಾಗಿ ಒತ್ತಿದಾಗ ಹೆಚ್ಚು, ಉದ್ದಕ್ಕೆ ಒತ್ತಿದಾಗ ಕಡಿಮೆ. ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಗುಮ್ಮಟಗಳ ಸುದ್ದಿಯನ್ನು ಕೂಡಿಸಿದರೆ ಬಾಗಿದ ದಿಕ್ಕೂ ತಿಳಿಯುತ್ತದೆ. ಸೇತುವೆಗಳ ಮೇಲೆ ಇಂಜಿನಿಯರುಗಳು ಅಂಟಿಸುವ ಪೀಡನಮಾಪಕಗಳು ಮಾಡುವುದೂ ಇದನ್ನೇ.

ಗದೆಯ ಆಕಾರದ ಎರಡನೆಯ ರೆಕ್ಕೆ

ಹೆಚ್ಚಿನ ಕೀಟಗಳಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಸಣ್ಣ ಗದೆಗಳಾಗಿ ಮಾರ್ಪಟ್ಟಿದೆ. ಈ ಗದೆಗಳೂ ರೆಕ್ಕೆಯಷ್ಟೇ ವೇಗದಲ್ಲಿ, ಆದರೆ ರೆಕ್ಕೆಯ ವಿರುದ್ಧ ದಿಕ್ಕಿನಲ್ಲಿ, ಬಡಿಯುತ್ತವೆ. ಇವನ್ನು ಕಿತ್ತರೆ ನೊಣ ಹಾರಲಾರದೆ ಬೀಳುತ್ತದೆಂಬುದು ಹದಿನೆಂಟನೆಯ ಶತಮಾನದಲ್ಲಿಯೇ ತಿಳಿದಿತ್ತು. ಕಾರಣವನ್ನು ಭೌತವಿಜ್ಞಾನದ ಭಾಷೆಯಲ್ಲಿ ಬಿಡಿಸಿ ಹೇಳಿದವನು ಇಂಗ್ಲೆಂಡಿನ ಪ್ರಿಂಗಲ್, ೧೯೪೮ರಲ್ಲಿ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ತಿರುಗುವ ಕುದುರೆಗಳ ಆಟದ ಮೇಲೆ ಕುಳಿತು ಎದುರಿನವನಿಗೆ ಚೆಂಡೆಸೆದು ನೋಡಿದವರಿಗೆ ಗೊತ್ತು: ನೇರವಾಗಿ ಎಸೆದ ಚೆಂಡು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ತಿರುಗುವ ನೆಲೆಯಲ್ಲಿ ಚಲಿಸುವ ವಸ್ತುವಿಗೆ ಹೀಗೆ ಅಡ್ಡವಾಗಿ ತೋರುವ ಬಲವೇ ಕೊರಿಯೊಲಿಸ್ ಬಲ. ಅದರಿಂದಾಗುವ ವೇಗೋತ್ಕರ್ಷ ಆವರ್ತನದ ಕೋನವೇಗ ಮತ್ತು ವಸ್ತುವಿನ ವೇಗ ಇವುಗಳ ಗುಣಲಬ್ಧದ ಎರಡರಷ್ಟು. ನೊಣದ ಮೈ ಸೆಕೆಂಡಿಗೆ ಒಂದು ಸುತ್ತಿನ ದರದಲ್ಲಿ ತಿರುಗಿದೆಯೆಂದೂ, ಗದೆಯ ತುದಿಯ ವೇಗ ಸೆಕೆಂಡಿಗೆ ಕಾಲು ಮೀಟರೆಂದೂ ಇಟ್ಟುಕೊಂಡರೆ, ಈ ಉತ್ಕರ್ಷ ಗುರುತ್ವದ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಗದೆಯ ಸ್ವಂತ ಬಡಿತದಿಂದಾಗುವ ಉತ್ಕರ್ಷ ಇದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚು. ಆದರೂ ನೊಣ ಎರಡನ್ನೂ ಬೇರ್ಪಡಿಸಬಲ್ಲುದು. ಏಕೆಂದರೆ ಕೊರಿಯೊಲಿಸ್ ಬಲ ಬಡಿತದ ಸಮತಲಕ್ಕೆ ಲಂಬವಾಗಿ ವರ್ತಿಸುತ್ತದೆ. ಗದೆಯ ಬುಡದಲ್ಲಿ ಸಾಲುಸಾಲಾಗಿ ನೂರಾರು ಗುಮ್ಮಟಗಳಿವೆ; ಅವುಗಳಲ್ಲಿ ಕೆಲವು ಸಾಲುಗಳು ಆ ಲಂಬ ದಿಕ್ಕಿನ ಬಾಗುವಿಕೆಗೆಂದೇ ಸಜ್ಜಾಗಿವೆ.

ಸೆಕೆಂಡಿಗೆ ಇನ್ನೂರು ಸಲ ರೆಕ್ಕೆಗೂ ಗದೆಗೂ ಮೇಳ ತಪ್ಪದಿರುವುದು ಹೇಗೆ? ಪ್ರತಿ ಬೀಸಿಗೂ ನರಗಳು ಅಪ್ಪಣೆ ಕೊಡುತ್ತ ಕೂಡಲು ಅಲ್ಲಿ ಕಾಲಾವಕಾಶವಿಲ್ಲ. ಬೆಂಗಳೂರಿನ ಅದೇ ಜೀವವಿಜ್ಞಾನಗಳ ಕೇಂದ್ರದಲ್ಲಿ ತನ್ವಿ ದೇವರಾ, ಅಮಿತ್ ಸಿಂಗ್ ಮತ್ತು ಸಂಜಯ ಸಾನೆ ಅವರು ೨೦೧೫ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ರೆಕ್ಕೆಯನ್ನೂ ಗದೆಯನ್ನೂ ಎದೆಯ ಹೊರಗವಚದ ಗಟ್ಟಿಯಾದ ಏಣೊಂದು ಯಂತ್ರದ ಸರಳಿನಂತೆ ಜೋಡಿಸಿದೆ. ಆಗತಾನೆ ಸತ್ತ ನೊಣದ ರೆಕ್ಕೆಯನ್ನು ಆಡಿಸಿದರೂ ಗದೆ ಅದರ ಜೊತೆಗೆ ಆಡುತ್ತದೆ. ಆ ಏಣನ್ನು ಕತ್ತರಿಸಿದರೆ ಮೇಳ ತಪ್ಪುತ್ತದೆ.

ರೆಕ್ಕೆಗೆ ರುಚಿ ಏತಕ್ಕೆ?

ಸ್ಪರ್ಶದ ಪ್ರಯೋಜನ ಸ್ಪಷ್ಟವಾಯಿತು. ಬಾಯಿಂದ ಇಷ್ಟು ದೂರದಲ್ಲಿ ರುಚಿಯ ಇಂದ್ರಿಯ ಏಕೆ? ರೆಕ್ಕೆಯ ರುಚಿನರಗಳ ಎಳೆಗಳನ್ನು ಹಿಂಬಾಲಿಸಿ ಹೋದರೆ ಒಂದು ಸುಳಿವು ಸಿಗುತ್ತದೆ. ಬಾಯಿಯ ರುಚಿನರಗಳು ಮಿದುಳಿಗೆ ಹೋಗುತ್ತವೆ. ರೆಕ್ಕೆಯವು ಎದೆಯಲ್ಲಿರುವ ನರಗ್ರಂಥಿಯಲ್ಲಿಯೇ ಕೊನೆಗೊಳ್ಳುತ್ತವೆ. ಕಾಲು ರೆಕ್ಕೆಗಳ ಚಲನೆಯನ್ನು ನಡೆಸುವ ಗ್ರಂಥಿ ಅದು. ಆದುದರಿಂದ ರೆಕ್ಕೆಯ ರುಚಿ ತಿನ್ನುವುದಕ್ಕಿಂತ ಹೆಚ್ಚಾಗಿ ಚಲನೆಗೆ ಸಂಬಂಧಿಸಿದ್ದೆಂದು ಊಹಿಸಬಹುದು. ಪ್ರಯೋಗಗಳೂ ಇದನ್ನು ಬೆಂಬಲಿಸುತ್ತವೆ. ರೆಕ್ಕೆಯಂಚಿಗೆ ಕಹಿ ವಸ್ತುಗಳನ್ನಾಗಲಿ ಬ್ಯಾಕ್ಟೀರಿಯಗಳ ಮೈಪೊರೆಯ ವಸ್ತುವನ್ನಾಗಲಿ ಸೋಕಿಸಿದರೆ ನೊಣ ಕಾಲಿನಿಂದ ರೆಕ್ಕೆಯನ್ನು ಉಜ್ಜಿ ತೊಳೆಯತೊಡಗುತ್ತದೆಂದು ೨೦೧೪ರಲ್ಲಿ ತೋರಿಸಲಾಯಿತು. ೨೦೧೬ರಲ್ಲಿ ಫ್ರಾನ್ಸಿನ ಸಂಶೋಧಕರು ರೆಕ್ಕೆಯ ನರಕೋಶಗಳು ಸಿಹಿಗೂ ಕಹಿಗೂ ಓಗೊಡುವುದನ್ನು ನೇರವಾಗಿ ಕಂಡರು. ಆ ನರಗಳನ್ನು ಕುಂದಿಸಿದ ನೊಣಗಳು ಆಹಾರವನ್ನು ಅರಸುವಲ್ಲಿ ಸಹಜ ನೊಣಗಳಂತೆ ವರ್ತಿಸಲಿಲ್ಲ. ಬಡಿಯುವ ರೆಕ್ಕೆಯ ಗಾಳಿ ರಸದ ಸೂಕ್ಷ್ಮ ಹನಿಗಳನ್ನು ಎಬ್ಬಿಸಿ ಕೂದಲಿಗೆ ತಲಪಿಸುತ್ತಿರಬಹುದೆಂದು ಅವರ ಊಹೆ. ನೊಣ ಕುಳಿತಲ್ಲೆಲ್ಲ ಕಾಲುಜ್ಜಿ ರೆಕ್ಕೆ ತಿಕ್ಕುವುದನ್ನು ನೋಡಿ ನಾವು ನಗುತ್ತೇವೆ. ಅದು ತನ್ನ ಉಪಕರಣಗಳನ್ನು ಒರೆಸಿ ಇಡುತ್ತಿದೆಯಷ್ಟೆ.

ಮರಳಿ ತಿಕೋಟಾಕ್ಕೆ

ಇಷ್ಟನ್ನು ಓದಿಕೊಂಡು ನಾನು ಮತ್ತೊಮ್ಮೆ ಆ ತೋಟಕ್ಕೆ ಹೋದೆ. ಇಡಿಯ ಹಣ್ಣಿನ ಮೇಲೆ ಕುಳಿತ ನೊಣದ ಕಾಲಿಗಾಗಲಿ ರೆಕ್ಕೆಗಾಗಲಿ ಸಕ್ಕರೆ ದೊರೆಯದು. ರಸವೆಲ್ಲ ಸಿಪ್ಪೆಯ ಒಳಗಿದೆ. ಬಿರಿದ ಹಣ್ಣಿನಲ್ಲಿ ಮಾತ್ರ ಸಿಹಿಯೂ ಹುಳಿಯೂ ಒಟ್ಟಿಗೆ ಕೂದಲಿಗೆ ತಾಗುತ್ತವೆ. ಅಲ್ಲಿ ನೊಣ ನಿಲ್ಲುತ್ತದೆ, ಮೊಟ್ಟೆಯಿಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಸುಮಾರು ಹತ್ತು ದಿನಕ್ಕೆ ಹೊಸ ಪೀಳಿಗೆ ಸಿದ್ಧ. ಹಣ್ಣು ಒಣಗಲು ಎರಡು ವಾರ ಬೇಕಷ್ಟೆ. ಅಂದರೆ ಮೊದಲ ದಿನ ಬಿರಿದ ಹಣ್ಣೊಂದು ಒಳಸೇರಿದರೆ ಮಾಲು ಇಳಿಸುವ ಹೊತ್ತಿಗೆ ಅದರ ಮಕ್ಕಳೂ ಹಾರಾಡುತ್ತಿರುತ್ತವೆ. ಈ ಲೆಕ್ಕವನ್ನು ಹೇಳಿದಾಗ ಹುಡುಗನ ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು.

ಔಷಧ ಹೊಡೆಯುವುದು ಸುಲಭ. ಆದರೆ ತಿನ್ನುವ ವಸ್ತುವಿನ ಮೇಲೆ ಅದು ಉಳಿಯುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆಯಿಂದ ನೊಣವನ್ನು ತಡೆಯಬಹುದು. ಆದರೆ ಗಾಳಿಯೂ ತಡೆದು ಒಣಗುವುದು ನಿಧಾನವಾಗುತ್ತದೆ. ಕೊನೆಗೆ ಅವರು ಆರಿಸಿದ ದಾರಿ ಹಳೆಯದು ಮತ್ತು ಶ್ರಮದ್ದು: ಅದ್ದುವ ಮೊದಲೇ ಬಿರಿದ ಕಾಯಿಗಳನ್ನು ಕತ್ತರಿಯಿಂದ ತೆಗೆದು ದೂರ ಹೂಳುವುದು, ಶೆಡ್ಡಿನ ನೆಲಕ್ಕೆ ಬಿದ್ದ ಹಣ್ಣನ್ನು ದಿನವೂ ಗುಡಿಸುವುದು, ಹುಳಿರಸ ತುಂಬಿದ ಕಿರುಬಾಯಿಯ ಸೀಸೆಗಳನ್ನು ಅಲ್ಲಲ್ಲಿ ತೂಗಹಾಕುವುದು. “ಅದರ ನಾಲಗಿಗೆ ಸಿಗದ್ಹಂಗ ಮಾಡಿದ್ರ ಸಾಕಲ್ರಿ” ಎಂದರು. ನಾನು ಒಂದು ತಿಂಗಳು ಓದಿ ತಿಳಿದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಮುಂದಿನ ಸಲ ನಿಮ್ಮ ತಟ್ಟೆಯ ಅಂಚಿನಲ್ಲಿ ನೊಣವೊಂದು ಕುಳಿತಾಗ ಅದನ್ನು ಓಡಿಸುವ ಮೊದಲು ಅರೆನಿಮಿಷ ನೋಡಿರಿ. ಸನ್ನೆಗೋಲು, ಪೀಡನಮಾಪಕ, ರಸಾಯನದ ಪ್ರಯೋಗಶಾಲೆ, ಕೊರಿಯೊಲಿಸ್ ಬಲವನ್ನು ಅಳೆಯುವ ಯಂತ್ರ — ಎಲ್ಲವೂ ಒಂದು ದ್ರಾಕ್ಷಿಯ ಬೀಜಕ್ಕಿಂತ ಚಿಕ್ಕ ಎಡೆಯಲ್ಲಿ ಕೆಲಸ ಮಾಡುತ್ತಿರುತ್ತವೆ. ಆಮೇಲೆ ಓಡಿಸಿರಿ, ತಟ್ಟೆಯನ್ನು ಮುಚ್ಚಿಡುವುದನ್ನು ಮಾತ್ರ ಮರೆಯಬೇಡಿರಿ.